ಆಷಾಢದ ಗಾಳಿಗೆ ಮೂರು ಚಕ್ರ

ಬೆಂಗಳೂರಿನ ಅಂಚಿನ ನಮ್ಮೂರು ಚಿಕ್ಕಬಾಣಾವರದಿಂದ ಪೂರ್ವಕ್ಕೆ ಹೊರಟರೂ ಪಶ್ಚಿಮಕ್ಕೆ ಹೊರಟರೂ ಕಡಲು ಸಿಗಬೇಕಾದರೆ ಸುಮಾರು 350 ಕಿಲೋಮೀಟರ್ ಹಾದಿ ಸವೆಸಬೇಕು. ಅದಕ್ಕೇ ಕೈಟ್ ಬಗ್ಗಿ ಎಂದ ಕೂಡಲೇ ನಮ್ಮ ಕಡೆಯವರು "ಅದೆಲ್ಲ ಬೀಚ್‌ನವರ ಆಟ ಬಿಡಿ" ಎಂದುಬಿಡುತ್ತಾರೆ. ದೊಡ್ಡದೊಂದು ಗಾಳಿಪಟ ಎಳೆಯುತ್ತಿರುವಾಗ ತಗ್ಗಾದ ಮೂರು ಚಕ್ರದ ಗಾಡಿಯಲ್ಲಿ ಕುಳಿತು, ಪಾದದಿಂದ ಮುಂದಿನ ಚಕ್ರ ತಿರುಗಿಸುತ್ತ ಹೋಗುವ ಆಟ ಅದು. ಪೀಣ್ಯದ ವರ್ಕ್‌ಶಾಪಿನಲ್ಲಿ ಲೇತ್ ಮುಂದೆ ನಿಂತು ಆಯುಷ್ಯ ಕಳೆದ ನನಗೆ ಇದರ ಹುಚ್ಚು ಹಿಡಿದದ್ದು ನಿವೃತ್ತಿಯ ಹೊತ್ತಿಗೆ. ಆದರೆ ಅದಕ್ಕೆ ಬೇಕಾದ ಒಂದೊಂದನ್ನೂ ಹುಡುಗನಾಗಿದ್ದಾಗಲೇ ಇದೇ ಊರಿನಲ್ಲಿ ಕಂಡಿದ್ದೆ. ಗಾಳಿ ಇತ್ತು, ಪಟ ಇತ್ತು, ಗಾಡಿ ಇತ್ತು, ಬಯಲೂ ಇತ್ತು. ಇವುಗಳಲ್ಲಿ ಮೊದಲ ಮೂರು ಇವತ್ತಿಗೂ ಸಿಗುತ್ತವೆ. ಕರಗಿದ್ದು ಬಯಲು. ಒಳನಾಡಿನಲ್ಲಿದ್ದು ಈ ಆಟ ಕಲಿಯಬೇಕೆಂದು ನನ್ನ ಹತ್ತಿರ ಬರುವ ಹುಡುಗರಿಗೆ ನಾನು ಮೊದಲು ಹೇಳುವುದು ಈ ನಾಲ್ಕರ ಚರಿತ್ರೆಯನ್ನೇ.

ಗಾಳಿಯಿಂದ ಶುರು ಮಾಡೋಣ. ಗುಜರಾತಿನವರು ಸಂಕ್ರಾಂತಿಗೆ ಪಟ ಹಾರಿಸಿದರೆ ಹಳೇ ಮೈಸೂರಿನ ನಾವು ಆಷಾಢಕ್ಕೆ ಹಾರಿಸುತ್ತೇವೆ. ಜೂನ್, ಜುಲೈನಲ್ಲಿ ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಮಾರುತ ತನ್ನ ನೀರಿನ ಹೊರೆಯ ಬಹುಪಾಲನ್ನು ಪಶ್ಚಿಮ ಘಟ್ಟದ ಮೇಲೆ ಇಳಿಸಿ, ಹಗುರಾಗಿ ನಮ್ಮ ಸೀಮೆಗೆ ಬರುತ್ತದೆ. ಬೆಂಗಳೂರಿಗೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನ ಕಡೆಗೆ. ಆಷಾಢದಲ್ಲಿ ಸಿಗುವುದು ತುಂತುರು ಹನಿ, ಹಗಲೆಲ್ಲ ಬಿಡದೆ ಬೀಸುವ ಪಡುವಣ ಗಾಳಿ. 1966ರಲ್ಲಿ ಹವಾಮಾನ ವಿಜ್ಞಾನಿಗಳಾದ ಪಿ. ವಿ. ಜೋಸೆಫ್ ಮತ್ತು ಪಿ. ಎಲ್. ರಾಮನ್ ಒಂದು ಸಂಗತಿಯನ್ನು ತೋರಿಸಿಕೊಟ್ಟರು: ಜುಲೈ ತಿಂಗಳಿನಲ್ಲಿ ದಕ್ಷಿಣ ಭಾರತದ ಮೇಲೆ, ನೆಲಕ್ಕೆ ಸಮೀಪದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಒಂದು ರಭಸದ ಗಾಳಿಹೊಳೆ ಹರಿಯುತ್ತದೆ. ಅದರ ನಡುಮಟ್ಟ ಸಮುದ್ರಮಟ್ಟಕ್ಕಿಂತ ಸುಮಾರು 1.5 ಕಿಲೋಮೀಟರ್ ಮೇಲೆ. ಬೆಂಗಳೂರು ಕುಳಿತಿರುವುದೇ ಸುಮಾರು 900 ಮೀಟರ್ ಎತ್ತರದಲ್ಲಿ. ಕಡಲ ದಡದವರಿಗಿಂತ ನಾವು ಆ ಹೊಳೆಗೆ ಹತ್ತಿರ. ಒಳನಾಡು ಎಂದು ಕೈಚೆಲ್ಲುವವರಿಗೆ ನಾನು ಈ ಲೆಕ್ಕವನ್ನು ತಪ್ಪದೆ ಹೇಳುತ್ತೇನೆ.

ನಮ್ಮ ತಾತನಿಗೆ ಈ ವಿಜ್ಞಾನ ಗೊತ್ತಿರಲಿಲ್ಲ, ಗಾಳಿ ಗೊತ್ತಿತ್ತು. ರಾಗಿ ಕಣದಲ್ಲಿ ಮೊದಲು ಒಂದು ಹಿಡಿ ಹೊಟ್ಟನ್ನು ಎದೆಮಟ್ಟದಿಂದ ಬಿಟ್ಟು, ಅದು ಎತ್ತ ಹೋಗಿ ಎಷ್ಟು ದೂರ ಬಿತ್ತು ಎಂದು ನೋಡಿ, ಆಮೇಲೆ ಮೊರ ಎತ್ತುತ್ತಿದ್ದರು. "ಗಾಳಿ ಬಂದಾಗ ತೂರಿಕೋ ಮಗಾ" ಎನ್ನುವ ಗಾದೆ ಅವರ ಬಾಯಲ್ಲಿ ಬುದ್ಧಿಮಾತಷ್ಟೇ ಆಗಿರದೆ ಆ ಹೊತ್ತಿನ ಕೆಲಸದ ಸೂಚನೆಯೂ ಆಗಿತ್ತು. ಸುಗ್ಗಿಯ ಹೊತ್ತಿನಲ್ಲಿ ಗಾಳಿ ಮೂಡಲಿನಿಂದ, ಆಷಾಢದಲ್ಲಿ ಪಡುವಲಿನಿಂದ. ಕಣದ ಜಾಗವನ್ನು ಅದಕ್ಕೆ ತಕ್ಕ ಹಾಗೆ, ಮರ ಮನೆ ಅಡ್ಡ ಬಾರದ ಕಡೆ ಹಿಡಿಯುತ್ತಿದ್ದರು. ಒಳನಾಡಿನ ರೈತರು ಹೀಗೆ ತಲೆತಲಾಂತರದಿಂದ ಗಾಳಿಯ ದಿಕ್ಕು ನೋಡಿ ಬದುಕಿದವರು.

ಪಟ ಕಟ್ಟುವುದೂ ಅಂಥದೇ ವಿದ್ಯೆ. ಬಿದಿರನ್ನು ಸೀಳಿ ನಯ ಮಾಡಿದ ಕಡ್ಡಿ, ಅದಿಲ್ಲದಿದ್ದರೆ ತೆಂಗಿನ ಪೊರಕೆ ಕಡ್ಡಿ. ಬಣ್ಣದ ಕಾಗದ, ಅದಿಲ್ಲದಿದ್ದರೆ ಹಳೇ ಪೇಪರು. ಮೈದಾ ಅಂಟು ಅಥವಾ ಅನ್ನದ ಅಗುಳು. ಹರಿದ ಸೀರೆಯ ಅಂಚಿನ ಬಾಲಂಗೋಚಿ. ಎಲ್ಲಕ್ಕಿಂತ ಮುಖ್ಯ ಸೂತ್ರ. ಸೂತ್ರದ ಗಂಟು ಸ್ವಲ್ಪ ಮೇಲಕ್ಕೆ ಸರಿದರೆ ಪಟ ಗಾಳಿಗೆ ಕಡಿಮೆ ಎದೆಕೊಟ್ಟು ಹಗುರಾಗಿ ನಿಲ್ಲುತ್ತದೆ. ಕೆಳಕ್ಕೆ ಸರಿದರೆ ಎಳೆತ ಹೆಚ್ಚು, ಗೋತಾ ಹೊಡೆಯುವುದೂ ಹೆಚ್ಚು. ಗಾಳಿ ಜೋರಾದ ದಿನ ದೊಡ್ಡ ಹುಡುಗರು ಗಂಟನ್ನು ಬೆರಳಗಲ ಮೇಲಕ್ಕೆ ಸರಿಸಿ, ಬಾಲಂಗೋಚಿ ಉದ್ದ ಮಾಡಿ ಹಾರಿಸುತ್ತಿದ್ದರು. ಇವತ್ತಿನ ದೊಡ್ಡ ಬಟ್ಟೆ ಪಟಗಳ ತಯಾರಕರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದೂ ಈ ಕೋನವನ್ನೇ. ಆಷಾಢದಲ್ಲಿ ಮದುವೆ ಮುಂಜಿ ಇಲ್ಲವಾದ್ದರಿಂದ ಊರಿಗೆ ಊರೇ ಪಟಕ್ಕೆ ಬಿಡುವಾಗಿರುತ್ತಿತ್ತು. ದೊಡ್ಡಬಳ್ಳಾಪುರದಲ್ಲಿ ಆಷಾಢದ ಗಾಳಿಪಟ ಸ್ಪರ್ಧೆ ಇಂದಿಗೂ ನಡೆಯುತ್ತದೆ. ಕರಾವಳಿಯಲ್ಲಿ ಟೀಮ್ ಮಂಗಳೂರು ತಂಡದವರು 36 ಅಡಿಯ ಕಥಕ್ಕಳಿ ಪಟ ಹಾರಿಸಿ ಹೆಸರಾದರು. ಪಣಂಬೂರಿನ ಮರಳಿನಲ್ಲಿ ದೇಶವಿದೇಶದ ಪಟಗಾರರನ್ನು ಸೇರಿಸಿದರು. ಪಟದ ಮಟ್ಟಿಗೆ ಕನ್ನಡನಾಡು ಯಾರಿಗೂ ಕಡಿಮೆ ಇಲ್ಲ.

ಇನ್ನು ಗಾಡಿ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಕಾರ್ಖಾನೆಗಳು ಬಂದವು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. ಅವುಗಳ ಸುತ್ತ ಗುಜರಿ ಅಂಗಡಿಗಳು ಹುಟ್ಟಿಕೊಂಡವು. ಸವೆದ ಬಾಲ್ ಬೇರಿಂಗ್ ನಮ್ಮ ಕೈಗೆ ಬಂದದ್ದು ಅಲ್ಲಿಂದ. ಹಲಗೆಯ ಹಿಂದೆ ಎರಡು ಬೇರಿಂಗ್, ಮುಂದೆ ಒಂದು. ಮುಂದಿನ ಅಡ್ಡಪಟ್ಟಿಯನ್ನು ಒಂದೇ ಬೋಲ್ಟಿನಲ್ಲಿ ಕೂರಿಸಿ, ಅದರ ಎರಡು ತುದಿಗೂ ಪಾದ ಇಟ್ಟು ತಿರುಗಿಸುವುದು. ಒಬ್ಬ ತಳ್ಳುವವ, ಒಬ್ಬ ಕೂರುವವ. ಡಾಂಬರಿನ ಮೇಲೆ ಅದರ ಕಿರುಗುಟ್ಟುವ ಸದ್ದು ರೈಲ್ವೆ ಸ್ಟೇಷನ್ನಿನವರೆಗೂ ಕೇಳುತ್ತಿತ್ತು. ಎರಡು ಚಕ್ರ ಹಿಂದೆ, ಒಂದು ಮುಂದೆ, ಪಾದದ ಹಿಡಿತ: ಕೈಟ್ ಬಗ್ಗಿಯ ಅಂಗರಚನೆ ಇದೇ. ತಳ್ಳುವವನ ಜಾಗಕ್ಕೆ ಪಟ ಬಂದರೆ ಆಯಿತು.

ಪಟ, ಗಾಡಿ ಎರಡನ್ನೂ ಮೊದಲು ಜೋಡಿಸಿ ಹೆಸರು ಮಾಡಿದವನು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಶಾಲಾಮಾಸ್ತರ ಜಾರ್ಜ್ ಪೊಕಾಕ್. 1820ರ ದಶಕದಲ್ಲಿ ಅವನು ತನ್ನ ಮಗಳು ಮಾರ್ಥಾಳನ್ನು ಕುರ್ಚಿಯಲ್ಲಿ ಕೂರಿಸಿ ಪಟದಿಂದ ಆಕಾಶಕ್ಕೆ ಎತ್ತಿಸಿದ. 1826ರಲ್ಲಿ ಪಟ ಎಳೆಯುವ ಬಂಡಿಗೆ ಪೇಟೆಂಟ್ ಪಡೆದು ಅದಕ್ಕೆ ಚಾರ್ವೊಲಾಂಟ್ ಎಂದು ಹೆಸರಿಟ್ಟ. ಮರುವರ್ಷ ಅದರ ಬಗ್ಗೆ ಪುಸ್ತಕ ಅಚ್ಚು ಮಾಡಿಸಿದ. ಹೆದ್ದಾರಿಯಲ್ಲಿ ಅದು ಗಂಟೆಗೆ 20 ಮೈಲಿಯವರೆಗೂ ಓಡಿತು. ಆಗ ಅಲ್ಲಿ ಸುಂಕ ಕಟ್ಟಬೇಕಿದ್ದದ್ದು ಕುದುರೆಗಳ ಎಣಿಕೆಯ ಮೇಲೆ. ಪೊಕಾಕನ ಬಂಡಿಗೆ ಕುದುರೆಯೇ ಇರಲಿಲ್ಲವಾಗಿ ಸುಂಕದ ಕಟ್ಟೆಗಳನ್ನು ಅದು ಕಾಸು ಕೊಡದೆ ದಾಟಿತು. ಆ ಮಾರ್ಥಾಳ ಮಗನೇ ಕ್ರಿಕೆಟ್ಟಿನ ಡಬ್ಲ್ಯು. ಜಿ. ಗ್ರೇಸ್. ನಾನು ಗಮನಿಸಿದ ಮುಖ್ಯ ಸಂಗತಿ ಬೇರೆ: ಪಟದ ಬಂಡಿಯ ಈ ಮೊದಲ ಓಟಗಳು ನಡೆದದ್ದು ಒಳನಾಡಿನ ರಸ್ತೆಗಳಲ್ಲಿ.

ಆಮೇಲೆ ಕುದುರೆಗಾಡಿ ಹೋಗಿ ರೈಲು, ಮೋಟಾರು ಬಂದವು. ಪೊಕಾಕನ ಬಂಡಿ ಮೂಲೆ ಸೇರಿತು. ಅದಕ್ಕೆ ಮರುಜೀವ ಬಂದದ್ದು ಪಟ ಬದಲಾದ ಮೇಲೆ. 1964ರಲ್ಲಿ ಅಮೆರಿಕದ ಡೊಮಿನಾ ಜಾಲ್ಬರ್ಟ್ ಕಡ್ಡಿಯೇ ಇಲ್ಲದ ಬಟ್ಟೆಯ ಪಟ ರೂಪಿಸಿದರು. ಮುಂದಿನ ಬಾಯಿಗಳಿಂದ ಗಾಳಿ ತುಂಬಿಕೊಂಡು ಅದು ತಾನೇ ರೆಕ್ಕೆಯ ಆಕಾರ ತಳೆಯುತ್ತದೆ, ನೆಲಕ್ಕೆ ಬಡಿದರೂ ಮುರಿಯುವುದಕ್ಕೆ ಅದರಲ್ಲಿ ಏನೂ ಇಲ್ಲ. 1990ರಲ್ಲಿ ನ್ಯೂಜಿಲೆಂಡಿನ ಆಶ್‌ಬರ್ಟನ್ ಎಂಬ ಊರಿನ ಪೀಟರ್ ಲಿನ್ ಹಗುರಾದ ಮೂರು ಚಕ್ರದ ಬಗ್ಗಿ ಮಾಡಿದರು. ಇವತ್ತು ಜಗತ್ತಿನಲ್ಲಿ ಓಡುವ ಬಗ್ಗಿಗಳೆಲ್ಲ ಅದೇ ವಂಶದವು. ಆಶ್‌ಬರ್ಟನ್ ಸಮುದ್ರದ ದಡದಲ್ಲಿಲ್ಲ, ಬಯಲು ಸೀಮೆಯಲ್ಲಿದೆ. ಅಲ್ಲಿನವರು ಪಳಗಿದ್ದು ಆರ್ಗೈಲ್ ಪಾರ್ಕ್ ಎಂಬ ಹುಲ್ಲಿನ ಮೈದಾನದಲ್ಲಿ.

ಬಗ್ಗಿ ಹೇಗೆ ಓಡುತ್ತದೆ ಎನ್ನುವುದು ಗೊತ್ತಿದ್ದರೆ ಬಯಲಿನ ಬೆಲೆ ಗೊತ್ತಾಗುತ್ತದೆ. ಗಾಳಿಗೆ ಬೆನ್ನು ಮಾಡಿ ನಿಂತಾಗ ಪಟ ಎದುರಿಗೆ, ತಗ್ಗಿನಲ್ಲಿದ್ದರೆ ಎಳೆತ ವಿಪರೀತ. ನೆತ್ತಿಯ ಮೇಲೋ ಪಕ್ಕದ ಅಂಚಿನಲ್ಲೋ ಇದ್ದರೆ ಎಳೆತ ಸಣ್ಣದು. ಸವಾರ ಗಾಳಿಗೆ ಅಡ್ಡಲಾಗಿ ಗಾಡಿ ತಿರುಗಿಸಿ ಪಟವನ್ನು ಅಂಚಿನ ಕಡೆ ಹಿಡಿಯುತ್ತಾನೆ. ಪಟ ಓರೆಯಾಗಿ ಎಳೆದರೂ ಚಕ್ರ ಪಕ್ಕಕ್ಕೆ ಜಾರಲು ಒಪ್ಪದ ಕಾರಣ ಗಾಡಿ ಮುಂದಕ್ಕೇ ಹೋಗುತ್ತದೆ; ಓಟ ಕುದುರಿದರೆ ಬೀಸುವ ಗಾಳಿಗಿಂತಲೂ ವೇಗವಾಗಿ ಹೋಗುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟು. ಮರ, ಕಟ್ಟಡದ ಮರೆಯಲ್ಲಿ ಅವುಗಳ ಎತ್ತರದ ಹತ್ತರಷ್ಟು ದೂರಕ್ಕೂ ಗಾಳಿ ಸುಳಿ ತಿರುಗುತ್ತಲೇ ಇರುತ್ತದೆ. ಅಂಥಲ್ಲಿ ಪಟ ಒಮ್ಮೆ ಸೊರಗಿ, ಮರುಕ್ಷಣ ಝಾಡಿಸಿ ಎಳೆಯುತ್ತದೆ. ಒಳನಾಡಿನವರಿಗೆ ನಿಜವಾದ ತೊಡಕು ಈ ಸುಳಿಗಾಳಿ. ಅದಕ್ಕೆ ಅಗಲವಾದ, ತೆರೆದ ನೆಲ ಬಿಟ್ಟರೆ ಬೇರೆ ಮದ್ದಿಲ್ಲ.

ಅಂಥ ನೆಲ ಮೈಸೂರು ಸೀಮೆಯಲ್ಲಿ ಧಾರಾಳವಾಗಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆಯ ದನಗಳ ಇಲಾಖೆ ಮುಂದೆ ಟಿಪ್ಪುವಿನ ಕೈಯಲ್ಲಿ ಅಮೃತ ಮಹಲ್ ಆಯಿತು. ಅದರ ದನಗಳಿಗಾಗಿ ನಾಡಿನ ತುಂಬ ಹುಲ್ಲುಗಾವಲುಗಳನ್ನು ಕಾವಲ್ ಎಂಬ ಹೆಸರಿನಲ್ಲಿ ಕಾಯ್ದಿರಿಸಿದ್ದರು. ಪ್ರತಿ ಹಳ್ಳಿಗೂ ಗೋಮಾಳ, ಬೇಸಿಗೆಯಲ್ಲಿ ಬತ್ತುವ ಕೆರೆಯಂಗಳ ಇದ್ದವು. ನಮ್ಮ ಊರಿನ ಆಚೆ ಅರ್ಕಾವತಿಗೆ ಅಡ್ಡಲಾಗಿ 1894ರಲ್ಲಿ ಹೆಸರಘಟ್ಟದ ಜಲಾಶಯವಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಕೆಲಸ ಅದು. ಆ ನೀರನ್ನು ಸೋಲದೇವನಹಳ್ಳಿಯಲ್ಲಿ ಉಗಿ ಪಂಪುಗಳಿಂದ ಎತ್ತಿ ಮಲ್ಲೇಶ್ವರದ ಜ್ಯುವೆಲ್ ಫಿಲ್ಟರ್ಸ್‌ಗೆ ಕಳಿಸುತ್ತಿದ್ದರು. ಬೆಂಗಳೂರಿಗೆ ನೀರು ಹೋದ ದಾರಿಯಲ್ಲೇ ಬೆಂಗಳೂರು ನಮ್ಮ ಕಡೆಗೆ ಬಂತು. ಹೊಲ ಲೇಔಟಾದವು, ಕೆರೆಯಂಗಳಕ್ಕೆ ಚರಂಡಿ ನೀರು ನುಗ್ಗಿತು, ಪಟ ಹಾರಿಸುತ್ತಿದ್ದ ಕಡೆ ನಾಲ್ಕಂತಸ್ತಿನ ಮನೆಗಳು ಎದ್ದವು. ಜಾರಕಬಂಡೆ ಕಾವಲ್, ಕಾವಲ್ ಭೈರಸಂದ್ರ ಎಂಬ ಹೆಸರುಗಳು ನಗರದ ನಕ್ಷೆಯಲ್ಲಿ ಇನ್ನೂ ಉಳಿದಿವೆ.

ನಗರದ ಇಂಥ ಅಂಚಿನಲ್ಲಿ ಆಟ ಶುರು ಮಾಡುವವರು ತಿಳಿದಿರಬೇಕಾದ ಕಾನೂನಿನ ಮಾತೂ ಇದೆ. 1934ರ ವಿಮಾನ ಕಾಯ್ದೆ ಗಾಳಿಪಟವನ್ನೂ ವಿಮಾನಗಳ ಸಾಲಿಗೆ ಸೇರಿಸಿತ್ತು. ಯಲಹಂಕ, ಜಾಲಹಳ್ಳಿಯ ವಾಯುಪಡೆ ನೆಲೆಗಳು ಮತ್ತು ಜಕ್ಕೂರಿನ ವಿಮಾನ ಮೈದಾನದ ಆಸುಪಾಸಿನಲ್ಲಿ ಪಟ ಏರಿಸಲೇಬಾರದು. ಚಿಕ್ಕಬಾಣಾವರದ ರೈಲು ಹಳಿಗಳ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಹರಿಯುತ್ತದೆ. ಒದ್ದೆ ದಾರ ಅದಕ್ಕೆ ತಾಗಿದರೆ ಬದುಕುವುದು ಕಷ್ಟ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶದಾದ್ಯಂತ ನಿಷೇಧಿಸಿದೆ. ಬಗ್ಗಿಯ ಪಟಕ್ಕೆ ಮಾಂಜಾ ಬೇಡವೇ ಬೇಡ. ಆದರೆ ಅದರ ಬಿಗಿದಾರವೂ ಕುತ್ತಿಗೆಗೆ ಅಡ್ಡ ಬಂದರೆ ಕೊಯ್ಯುತ್ತದೆ, ಆದ್ದರಿಂದ ಜನ ಓಡಾಡುವ ಜಾಗ ಸಲ್ಲದು.

ನನ್ನ ತಂಗಿಯ ಮಗ "ಮಾಮ, ಗಾಡಿ ಯಾವಾಗ ಕೊಡ್ತೀರ?" ಎಂದು ಕೇಳಿದಾಗ ಅವನ ಕೈಗೆ ಮೊದಲು ಕೊಟ್ಟದ್ದು ಎರಡು ಚದರ ಮೀಟರಿನ ಸಣ್ಣ ಬಟ್ಟೆ ಪಟ. ಗಂಟೆಗೆ 12ರಿಂದ 20 ಕಿ.ಮೀ. ಗಾಳಿಯಲ್ಲಿ, ಶಾಲೆಯ ಮೈದಾನದಲ್ಲಿ, ಪರವಾನಗಿ ಪಡೆದು, ನಿಂತಲ್ಲೇ ಹಾರಿಸಬೇಕು. ಮೊದಲು ಹಿಡಿ ಒಣಹುಲ್ಲು ಬಿಟ್ಟು ಗಾಳಿ ನೋಡಬೇಕು. ನೆತ್ತಿಯಲ್ಲಿ ನಿಲ್ಲಿಸುವುದು, ಅಂಚಿಗೆ ಒಯ್ಯುವುದು, ಎಂಟರ ಆಕಾರ ಬರೆಯುವುದು, ಹಿಂದಿನ ಬ್ರೇಕ್ ದಾರ ಎಳೆದು ಪಟವನ್ನು ತಟ್ಟನೆ ನೆಲಕ್ಕಿಳಿಸುವುದು — ಈ ಕೊನೆಯದು ಕಣ್ಣು ಮುಚ್ಚಿಯೂ ಬರುವಂತಾದ ಮೇಲೆಯೇ ಗಾಡಿ. ಹಿಡಿ ಕೈಬಿಟ್ಟರೆ ಪಟದ ಶಕ್ತಿ ತಾನಾಗಿ ಹೋಗುವ ಹಾಗೆ ಮಣಿಕಟ್ಟಿನ ಪಟ್ಟಿ ಇರಬೇಕು. ಹೆಲ್ಮೆಟ್, ಗ್ಲೌಸ್ ಇರಬೇಕು. ದಾರವನ್ನು ಮೈಗೆ ಸುತ್ತಿಕೊಳ್ಳಬಾರದು.

ಗಾಡಿಗೆ ಪೀಣ್ಯದ ಬೀದಿಗಳೇ ಸಾಕು. ಮೈಲ್ಡ್ ಸ್ಟೀಲ್ ಪೈಪು ಬಗ್ಗಿಸಿ ಬೆಸೆದ ಚೌಕಟ್ಟು, 20 ಎಂಎಂ ಆಕ್ಸಲ್, ಅದಕ್ಕೆ 6204 ಬೇರಿಂಗ್, ಸಿಮೆಂಟ್ ಸಾಗಿಸುವ ಕೈಗಾಡಿಯ ಗಾಳಿ ತುಂಬಿದ ದಪ್ಪ ಚಕ್ರ. ಸೀಟು ನೆಲಕ್ಕೆ ಎಷ್ಟು ಹತ್ತಿರವೋ ಮಗುಚುವ ಭಯ ಅಷ್ಟು ಕಡಿಮೆ. ಹಿಂದಿನ ಆಕ್ಸಲ್ ಅಗಲವಾಗಿರಲಿ. ಪಟಕ್ಕೆ ದುಡ್ಡು ಬೇಕು, ಅದು ಹೊರಗಿನಿಂದ ತರಿಸುವ ಸರಕು. ಗಾಡಿಯನ್ನು ಮಾತ್ರ ನಮ್ಮ ಹುಡುಗರು ಯಾರಿಗಿಂತಲೂ ಚೆನ್ನಾಗಿ ಮಾಡಬಲ್ಲರು.

ಓಡಿಸುವುದೆಲ್ಲಿ? ಹೆಸರಘಟ್ಟದ ಹುಲ್ಲುಗಾವಲು ಕಣ್ಣಿಗೆ ಕಾಣುತ್ತದೆ, ಆದರೆ ಅಲ್ಲಿಗೆ ಚಕ್ರ ಒಯ್ಯಬಾರದು ಎಂಬುದು ನನ್ನ ಖಚಿತ ಮಾತು. ಚಳಿಗಾಲಕ್ಕೆ ದೂರದೇಶದಿಂದ ಬರುವ ಹ್ಯಾರಿಯರ್ ಗಿಡುಗಗಳು ರಾತ್ರಿ ಕಳೆಯುವುದು ಆ ಹುಲ್ಲಿನ ನಡುವೆ, ನೆಲದ ಮೇಲೆ. ಬೆಂಗಳೂರಿನ ಸುತ್ತ ಅವುಗಳಿಗೆ ಉಳಿದಿರುವುದು ಅಷ್ಟೇ. ಹೊಸಬರು ಕೋಲಾರ, ತುಮಕೂರು, ಚಿತ್ರದುರ್ಗದ ಕಡೆ ಬತ್ತಿದ ಕೆರೆಯಂಗಳವನ್ನು ಹುಡುಕಿ, ಪಂಚಾಯಿತಿಯ ಒಪ್ಪಿಗೆ ಪಡೆದು, ದನ ಮೇಯಿಸುವವರನ್ನು ಕೇಳಿ ಇಳಿಯಲಿ. ಇಳಿಯುವ ಮುಂಚೆ ನೆಲವನ್ನು ಪೂರ್ತಿ ನಡೆದು ನೋಡಲಿ: ಮಣ್ಣೆತ್ತಿದ ಗುಂಡಿ, ಜಾಲಿ ಮುಳ್ಳು, ಬೇಲಿ ತಂತಿ ಎಲ್ಲೆಲ್ಲಿವೆ ಎಂದು ಗುರುತು ಮಾಡಿಕೊಳ್ಳಲಿ.

ಆದರೆ ಊರಿನ ಆಟ ಊರಿನಲ್ಲೇ ಬೆಳೆಯಬೇಕು. ಆಶ್‌ಬರ್ಟನ್ನಿನಲ್ಲಿ ಪೀಟರ್ ಲಿನ್ ಅವರ ಜಾಣ್ಮೆಯ ಜೊತೆಗೆ ಒಂದು ಸಾರ್ವಜನಿಕ ಹುಲ್ಲು ಮೈದಾನವೂ ಇತ್ತು. ನಮ್ಮಲ್ಲಿ ಮೈದಾನ ಸಿಕ್ಕಿದ ಕೂಡಲೇ ನಡುವೆ ಹೈಮಾಸ್ಟ್ ದೀಪ, ಸುತ್ತ ವಾಕಿಂಗ್ ಪಥ, ಮೂಲೆಯಲ್ಲಿ ಕಟ್ಟಡ ಬರುತ್ತವೆ. ಒಂದೇ ಒಂದನ್ನಾದರೂ ಹಾಗೇ ಬಿಟ್ಟರೆ ಅಲ್ಲಿ ಪಟ ಹಾರುತ್ತದೆ, ಬೇರಿಂಗ್ ಗಾಡಿಯ ಮೊಮ್ಮಕ್ಕಳು ಓಡುತ್ತವೆ. ಒಳನಾಡಿನಲ್ಲಿ ಕೈಟ್ ಬಗ್ಗಿ ಶುರು ಮಾಡುವವರಿಗೆ ನಾನು ಕೊಡುವ ಮೊದಲ ಕೆಲಸವೂ ಇದೇ: ನಿಮ್ಮ ಹೋಬಳಿಯಲ್ಲಿ ಕಂಬವಿಲ್ಲದ, ಮುಳ್ಳಿಲ್ಲದ, ಪಡುವಲಿಗೆ ತೆರೆದ ಮುನ್ನೂರು ಮೀಟರ್ ನೆಲ ಎಲ್ಲಿದೆ ಎಂದು ಹುಡುಕಿ, ಅದು ಸಾರ್ವಜನಿಕ ಬಯಲಾಗಿಯೇ ಉಳಿಯಲಿ ಎಂದು ಗ್ರಾಮಸಭೆಯಲ್ಲೋ ವಾರ್ಡಿನಲ್ಲೋ ಅರ್ಜಿ ಕೊಡಿ. ಪಟ ಕೊಳ್ಳುವುದು ಆಮೇಲೆ.