ಒಂದು ರಬ್ಬರ್ ಉಂಗುರದ ಪಯಣ

ಡೆನ್ಮಾರ್ಕಿನ ನೀಲ್ಸ್ ಕ್ರಿಸ್ಟೆನ್‌ಸನ್ 1891ರಲ್ಲಿ ಅಮೆರಿಕಕ್ಕೆ ಹೋಗಿ ಬ್ರೇಕುಗಳ ಕೆಲಸದಲ್ಲಿ ಪಳಗಿದವರು. ಸೋರಿಕೆ ತಡೆಯಲು ಪಿಸ್ಟನ್ನಿನ ಸುತ್ತ ತೋಡು ಕೊರೆದು ರಬ್ಬರ್ ಉಂಗುರ, ಅಂದರೆ ಓ-ರಿಂಗ್, ಕೂರಿಸಿದರು. ತೋಡನ್ನು ಉಂಗುರದ ದಪ್ಪಕ್ಕಿಂತ ತುಸು ಅಗಲ ಮಾಡಿದ್ದರಲ್ಲೇ ಜಾಣತನವಿತ್ತು. 1937ರಲ್ಲಿ ಅರ್ಜಿ, 1939ರಲ್ಲಿ ಪೇಟೆಂಟು. ಅಷ್ಟರಲ್ಲಿ ವಯಸ್ಸು ಎಪ್ಪತ್ತು ದಾಟಿತ್ತು!

ಎರಡನೇ ಮಹಾಯುದ್ಧ ಬಂತು. ಅಮೆರಿಕ ಸರ್ಕಾರ 75,000 ಡಾಲರ್ ಕೊಟ್ಟು ಪೇಟೆಂಟಿನ ಹಕ್ಕನ್ನು ತಾನೇ ಪಡೆಯಿತು. ಅಗ್ಗದ ಸೌದಾ ಎನ್ನಲೇಬೇಕು.

ಅದೇ ಓ-ರಿಂಗ್ ಇಂದು ರೈಫಲ್ ನಳಿಗೆ ಶುಚಿಗೊಳಿಸಲು ಬಳಸುವ ಬೋರ್ ಗೈಡಿನ ತುದಿಯಲ್ಲಿದೆ. ಚೇಂಬರಿನಲ್ಲಿ ಬಿಗಿಯಾಗಿ ಕೂತು, ದ್ರಾವಕ ಹಿಂದಕ್ಕೆ ಹರಿದು ಟ್ರಿಗರ್ ಸೇರದಂತೆ ತಡೆಯುತ್ತದೆ. ಎಣ್ಣೆಯನ್ನು ತಾಳುವ ನೈಟ್ರೈಲ್ ರಬ್ಬರ್ ಕೆಲವು ದ್ರಾವಕಗಳಲ್ಲಿ ಉಬ್ಬುತ್ತದೆ. 1950ರ ದಶಕದಲ್ಲಿ ಡ್ಯುಪಾಂಟ್ ತಂದ ವೈಟಾನ್ ಹೆಚ್ಚು ಬಾಳುತ್ತದೆ, ಆದರೆ ಕೀಟೋನ್ ಎದುರು ಅದೂ ಸೋಲುತ್ತದೆ. ಉಂಗುರ ಕೂರಿಸುವ ಮುನ್ನ ಹನಿ ಎಣ್ಣೆ ಸವರಿ. ಉಬ್ಬಿದ್ದನ್ನು, ಬಿರಿದದ್ದನ್ನು ಬಿಸಾಡಿ.