ಒಂದು ಬಿಡಿಭಾಗದ ಬೆಲೆ

ಹಳೆಯ ವಸ್ತುವಿಗೆ ಹೆಚ್ಚಿನ ಬೆಲೆ ಬರುವುದು ಹೊಸ ಸಂಗತಿಯೇನಲ್ಲ. ಆದರೆ ಯಂತ್ರವೊಂದರ ಅಂಗೈಯಗಲದ ಬಿಡಿಭಾಗವು ಕೆಲವೊಮ್ಮೆ ಇಡೀ ಯಂತ್ರದ ಬೆಲೆಗೆ ಸರಿದೂಗುತ್ತದೆಂದರೆ ಯಾರಿಗಾದರೂ ಅಚ್ಚರಿಯಾದೀತು. ಅಮೆರಿಕದ ಥಾಮಸ್ ಆಲ್ವಾ ಎಡಿಸನ್ನರ ಫೋನೋಗ್ರಾಫುಗಳ ವಿಷಯದಲ್ಲಿ ಹೀಗೆಯೇ ಆಗಿದೆ. 1898ರಲ್ಲಿ ಅವರ ‘ಸ್ಟ್ಯಾಂಡರ್ಡ್’ ಯಂತ್ರಕ್ಕೆ 20 ಡಾಲರು ಬೆಲೆಯಿತ್ತು. ಇಂದು ಸಂಗ್ರಾಹಕರು ಅಪರೂಪದ ಮಾದರಿಯ ಧ್ವನಿಪೆಟ್ಟಿಗೆಯೊಂದಕ್ಕೇ, ಎಂದರೆ ಮೊನೆ ಮತ್ತು ಕಂಪಿಸುವ ತೆಳುಬಿಲ್ಲೆಯುಳ್ಳ ಆ ಪುಟ್ಟ ಭಾಗಕ್ಕೇ, ನೂರಾರು ಡಾಲರುಗಳನ್ನು ತೆರುತ್ತಾರೆ. ಇದು ಬರಿಯ ಹುಚ್ಚೆ, ಇಲ್ಲವೆ ಇದಕ್ಕೊಂದು ಚಾರಿತ್ರಿಕ ಕಾರಣವುಂಟೆ?

1877ರಲ್ಲಿ ಎಡಿಸನ್ನರು ತವರದ ಹಾಳೆಯ ಮೇಲೆ ಧ್ವನಿಯನ್ನು ಹಿಡಿದಿಟ್ಟರು. ಮುಂದೆ ಆ ಹಾಳೆಯ ಸ್ಥಾನಕ್ಕೆ ಮೇಣದ ಉರುಳೆ ಬಂದಿತು. ನಮ್ಮ ಹಿರಿಯರು ಕೇಳುತ್ತಿದ್ದ ಗ್ರಾಮಫೋನಿನ ಪ್ಲೇಟು ಎಮಿಲ್ ಬರ್ಲಿನರ್ 1887ರಲ್ಲಿ ತೋರಿದ ಬೇರೊಂದು ಹಾದಿಯದು. ಎಡಿಸನ್ನರಾದರೋ ಬಹುಕಾಲ ಉರುಳೆಯನ್ನೇ ನೆಚ್ಚಿಕೊಂಡಿದ್ದರು. ಅದರ ಮೇಲೆ ಅಂಗುಲಕ್ಕೆ 100 ಗೆರೆಗಳು. ಹಾಡು ಸುಮಾರು ಎರಡು ನಿಮಿಷಕ್ಕೆ ಮುಗಿಯುತ್ತಿತ್ತು. ಪ್ಲೇಟುಗಳ ಪೈಪೋಟಿ ಬಲವಾದಾಗ, 1908ರಲ್ಲಿ ಅಂಗುಲಕ್ಕೆ 200 ಗೆರೆಗಳುಳ್ಳ, ನಾಲ್ಕು ನಿಮಿಷ ಹಾಡುವ ‘ಆಂಬೆರಾಲ್’ ಉರುಳೆಯನ್ನು ಅವರ ಸಂಸ್ಥೆ ಹೊರತಂದಿತು. ತೊಡಕು ಮೊದಲಾದದ್ದು ಇಲ್ಲಿ.

ಗೆರೆ ಕಿರಿದಾದ ಮೇಲೆ ಅದರಲ್ಲಿ ಚಲಿಸುವ ನೀಲಮಣಿಯ ಮೊನೆಯೂ ಕಿರಿದಾಗಬೇಕು. ಧ್ವನಿಪೆಟ್ಟಿಗೆಯನ್ನು ಉರುಳೆಯ ಉದ್ದಕ್ಕೂ ಸರಿಸುವ ತಿರುಪು ಅರ್ಧ ವೇಗದಲ್ಲಿ ತಿರುಗಬೇಕು. ಅದಕ್ಕೆ ಬೇರೆಯ ಹಲ್ಲುಚಕ್ರಗಳು ಬೇಕು. ಹಳೆಯ ಯಂತ್ರವಿದ್ದವರಿಗೆಂದು ಸಂಸ್ಥೆ ಈ ಜೋಡಣೆಗಳನ್ನು ಪ್ರತ್ಯೇಕವಾಗಿ ಮಾರಿತು. ಎರಡು ನಿಮಿಷದ ಉರುಳೆಗೆ ‘ಸಿ’ ಮಾದರಿಯ ಧ್ವನಿಪೆಟ್ಟಿಗೆ, ನಾಲ್ಕು ನಿಮಿಷದ್ದಕ್ಕೆ ‘ಎಚ್’, ಮೊನೆಯನ್ನು ಹೊರಳಿಸಿ ಎರಡಕ್ಕೂ ಬಳಸಬಹುದಾದ ‘ಕೆ’ ಎಂದು ಮಾದರಿಗಳು ಬೆಳೆದವು. 1912ರಲ್ಲಿ ಸೆಲ್ಯುಲಾಯ್ಡಿನ ನೀಲಿ ಉರುಳೆ ಬಂದಿತು. ಅದಕ್ಕೆ ವಜ್ರದ ಮೊನೆ. ಆ ಮೊನೆಯನ್ನು ಮೇಣದ ಉರುಳೆಯ ಮೇಲಿಟ್ಟರೆ ಹಾಡೇ ಹೆರೆದುಹೋಗುತ್ತದೆ. 1929ರಲ್ಲಿ ಉರುಳೆಗಳ ತಯಾರಿಕೆ ನಿಂತುಹೋಯಿತು.

ದೀರ್ಘಕಾಲ, ವಿಪುಲವಾಗಿ ತಯಾರಾದ ‘ಸಿ’ ಇಂದಿಗೂ ಸಿಗುತ್ತದೆ. ಕೆಲವೇ ವರ್ಷ, ಕೆಲವೇ ಯಂತ್ರಗಳಿಗಾಗಿ ಮಾಡಿದ ಮಾದರಿಗಳು ಸಿಗುವುದು ಕಷ್ಟ. ಆದರೆ ಆ ಉರುಳೆಗಳು ಉಳಿದಿವೆ. ತಕ್ಕ ಮೊನೆಯಿಲ್ಲದೆ ಆ ಯಂತ್ರದಲ್ಲಿ ಅವು ಮೂಕ. ಒಂದು ಸಂಸ್ಥೆ ತನ್ನ ಸಂಧಿಕಾಲದಲ್ಲಿ ಅವಸರದಿಂದ ಮಾಡಿದ ಬದಲಾವಣೆಗಳಿಗೆ ನೂರು ವರ್ಷಗಳ ಅನಂತರದ ಸಂಗ್ರಾಹಕ ಬೆಲೆ ತೆರುತ್ತಿದ್ದಾನೆ.

ಈ ಬೆಲೆಯಿಂದ ಹಾನಿಯೂ ಉಂಟು. ಬಿಡಿಭಾಗಗಳ ಒಟ್ಟು ಬೆಲೆ ಇಡೀ ಯಂತ್ರದ ಬೆಲೆಯನ್ನು ಮೀರಿದರೆ ವ್ಯಾಪಾರಿ ಯಂತ್ರವನ್ನೇ ಬಿಚ್ಚಿ ಮಾರುತ್ತಾನೆ. ಒಂದು ಯಂತ್ರ ಹಾಡಲೆಂದು ಇನ್ನೊಂದು ಅಳಿಯುತ್ತದೆ. ನಮ್ಮ ದೇಶದಲ್ಲಿ ಇದಕ್ಕೆ ಬೇರೊಂದು ರೂಪ: ಹಳೆಯ ಕೈಪೆಟ್ಟಿಗೆಯ ಗ್ರಾಮಫೋನಿನ ಒಳಗನ್ನು ಕಿತ್ತು, ಹೊಸ ಮರದ ಪೆಟ್ಟಿಗೆಗೆ ಸೇರಿಸಿ, ಥಳಥಳಿಸುವ ಹಿತ್ತಾಳೆಯ ಕಹಳೆಯನ್ನು ತೊಡಿಸಿ, ಪುರಾತನವೆಂದು ಮಾರುವುದುಂಟು. ಕಹಳೆಗೆ ಮರುಳಾದವರು ಕಳೆದುಕೊಂಡದ್ದು ಒಂದು ನಿಜವಾದ ಗ್ರಾಮಫೋನನ್ನು.

ಕೇಳುಗರಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಅಜ್ಜನ ಕಾಲದ ಗ್ರಾಮಫೋನಿದ್ದರೆ, ಅದನ್ನು ಗುಜರಿಗೆ ಹಾಕುವ ಮುನ್ನ ಪಕ್ಕದ ಡಬ್ಬಿಯನ್ನೂ ಒಮ್ಮೆ ತೆರೆದು ನೋಡಿ. ಸಡಿಲವಾಗಿ ಬಿದ್ದಿರುವ ತಿರುಪು, ಚಕ್ರ, ಬಿಲ್ಲೆಗಳನ್ನು ಯಂತ್ರದ ಜೊತೆಯಲ್ಲಿಯೇ ಇರಿಸಿ. ಮುಂದೊಂದು ದಿನ ಅದನ್ನು ಮತ್ತೆ ಹಾಡಿಸಲು ಬರುವವನಿಗೆ ಅವೇ ಬೇಕಾಗುತ್ತವೆ.