‘ನಿಮ್ದು ಯಾವ ಕಡೆ?’ – ಒಂದು ತಿಂಗಳ ಮನೆ ಹುಡುಕಾಟ



ಒಂದು ತಿಂಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಏಪ್ರಿಲ್ ತಿಂಗಳಲ್ಲೂ ಸುಮ್ನಿದ್ದೀರಲ್ಲ, ಎಲ್ಲಿ ಹೋದ್ರಿ ಅಂತ ಕೆಲವು ಗೆಳೆಯರು ಕೇಳಿದ್ರು. ಎಲ್ಲೂ ಹೋಗಿರಲಿಲ್ಲ. ಬೆಂಗಳೂರಿನ ಬೀದಿಗಳಲ್ಲೇ ಇದ್ದೆ, ಬಾಡಿಗೆ ಮನೆ ಹುಡುಕ್ತಾ.

ಈಗಿರೋ ಮನೆ ಎರಡನೇ ಮಹಡಿ. ಊರಲ್ಲಿ ಅವ್ವ ತೀರಿಕೊಂಡ ಮೇಲೆ ಅಪ್ಪನನ್ನ ಇಲ್ಲಿಗೆ ಕರ್ಕೊಂಡು ಬಂದೆ. ಜೀವಮಾನವಿಡೀ ಕಬ್ಬಿನ ಗದ್ದೆಯಲ್ಲಿ ದುಡಿದ ಮಂಡಿ, ಸವೆದು ಹೋಗಿದೆ. ಒಂದು ಸಲ ಮೆಟ್ಟಿಲು ಹತ್ತಿದ್ರೆ ನಾಲ್ಕು ದಿನ ಕೆಳಗೆ ಇಳಿಯಲ್ಲ. ಕಿಟಕಿ ಹತ್ರ ಕುರ್ಚಿ ಹಾಕ್ಕೊಂಡು ರಸ್ತೆ ನೋಡ್ತಾ ಕೂತಿರ್ತಾರೆ. ಅದಕ್ಕೇ ನೆಲಮಹಡಿ ಮನೆ ಬೇಕಾಗಿತ್ತು. ಎರಡು ರೂಮು, ಬಾಡಿಗೆ 15 ಸಾವಿರದೊಳಗೆ, ಮಗಳ ಸ್ಕೂಲಿಗೆ ಒಂದೇ ಬಸ್ಸು. ಬೇಡಿಕೆ ಇಷ್ಟೇ. ನನ್ನದು ಪ್ರಿಂಟಿಂಗ್ ಪ್ರೆಸ್ಸಲ್ಲಿ ಡಿಟಿಪಿ ಕೆಲಸ, ಹೆಂಡತಿ ನರ್ಸ್. ಇಬ್ಬರಿಗೂ ತಿಂಗಳ ಸಂಬಳ ಬರುತ್ತೆ, ಐದು ವರ್ಷದಲ್ಲಿ ಒಂದು ಸಲವೂ ಬಾಡಿಗೆ ತಡ ಮಾಡಿಲ್ಲ. ಸುಲಭವಾಗಿ ಸಿಗುತ್ತೆ ಅಂದ್ಕೊಂಡಿದ್ದೆ.

ಮೊದಲನೇ ಭಾನುವಾರ ನಾಲ್ಕು ಮನೆ ನೋಡಿದ್ವಿ. ಒಂದರ ಬೋರ್ಡಲ್ಲೇ ‘ಸಸ್ಯಾಹಾರಿಗಳಿಗೆ ಮಾತ್ರ’ ಅಂತಿತ್ತು, ಗೇಟು ತಟ್ಟಲಿಲ್ಲ. ಇನ್ನೊಂದು ಮನೆ ತುಂಬಾ ಹಿಡಿಸ್ತು. ಮುಂದೆ ಒಂದು ಸಣ್ಣ ಜಗಲಿ, ಅಪ್ಪ ಕೂರೋಕೆ ಹೇಳಿ ಮಾಡಿಸಿದ ಹಾಗಿತ್ತು. ಓನರ್ ಒಳ್ಳೆಯವರೇ, ಕಾಫಿ ಕೊಟ್ರು. ‘ಯಾವೂರು?’ ಅಂದ್ರು. ಮಳವಳ್ಳಿ ಕಡೆ ಅಂದೆ. ‘ಓ, ಹಾಗಿದ್ರೆ ಗೌಡ್ರು?’ ಅಂತ ನಕ್ಕರು. ನಾನು ಅಲ್ಲ ಅಂದೆ. ‘ಮತ್ತೆ ನಿಮ್ದು ಯಾವ ಕಡೆ?’ ನಾನು ಹೇಳಿದೆ. ನಗು ಹೋಗಲಿಲ್ಲ, ಹಾಗೇ ಮುಖದ ಮೇಲೆ ನಿಂತುಬಿಡ್ತು. ಮಾರನೇ ದಿನ ಬ್ರೋಕರ್ ಫೋನು: ‘ಸಾರ್, ಓನರ್ ಮಗ ಬರ್ತಾನಂತೆ, ಮನೆ ಕೊಡಲ್ವಂತೆ.’ ಮುಂದಿನ ಭಾನುವಾರ ಅದೇ ರಸ್ತೆಯಲ್ಲಿ ಬಂದೆ. ಬೋರ್ಡು ಅಲ್ಲೇ ನೇತಾಡ್ತಿತ್ತು.

ಬ್ರೋಕರ್ ಹುಡುಗ ಕೆಟ್ಟವನಲ್ಲ. ಟೀ ಅಂಗಡಿ ಮುಂದೆ ನಿಲ್ಲಿಸಿ ಬುದ್ಧಿ ಹೇಳ್ದ: ‘ಸಾರ್, ನಿಮ್ಮನ್ನ ನೋಡಿದ್ರೆ ಗೊತ್ತಾಗಲ್ಲ. ಕೇಳಿದ್ರೆ ಏನಾದ್ರೂ ಒಂದು ಹೇಳ್ಬಿಡಿ. ಎಲ್ರೂ ಹಂಗೇ ಮಾಡ್ತಾರೆ.’

ಈ ಮಾತನ್ನ ತಲೆಯಲ್ಲಿಟ್ಟುಕೊಂಡೇ ಏಪ್ರಿಲ್ 13ರ ರಾತ್ರಿ ಪ್ರೆಸ್ಸಲ್ಲಿ ಕೂತಿದ್ದೆ. ಮಾರನೇ ದಿನ ಜಯಂತಿ, ಬ್ಯಾನರ್, ಕರಪತ್ರ ಎಲ್ಲಾ ರಾತ್ರಿನೇ ಆಗಬೇಕು. ಯಾವುದೋ ಸಂಘದವರು ಬಾಬಾಸಾಹೇಬರ ಜೀವನದ ಬಗ್ಗೆ ಕಿರುಪುಸ್ತಿಕೆ ಕೊಟ್ಟಿದ್ರು. ಅದನ್ನ ಟೈಪ್ ಮಾಡ್ತಾ ಬರೋಡದ ಪ್ರಸಂಗಕ್ಕೆ ಬಂದೆ. ನೂರು ಸಲ ಓದಿದ್ದೇ, ಭಾಷಣದಲ್ಲೂ ಹೇಳಿದ್ದೇ. ಆದ್ರೆ ಅವತ್ತು ಅದನ್ನ ಮನೆ ಹುಡುಕೋನ ಕಣ್ಣಲ್ಲಿ ಓದಿದೆ.

1917. ಬಾಬಾಸಾಹೇಬರಿಗೆ 26 ವರ್ಷ. ಅಮೆರಿಕದ ಕೊಲಂಬಿಯಾದಲ್ಲಿ, ಆಮೇಲೆ ಲಂಡನ್ನಲ್ಲಿ ಓದಿ ಬಂದಿದ್ದಾರೆ. ಓದಿಸಿದ ಬರೋಡ ಸಂಸ್ಥಾನದಲ್ಲಿ ಕೆಲಸ ಮಾಡಬೇಕು ಅನ್ನೋ ಕರಾರು. ಕೆಲಸ ಇದೆ, ಇರೋಕೆ ಜಾಗ ಇಲ್ಲ. ಹಿಂದೂ ಹೋಟೆಲಿಗೆ ಹೋದ್ರೆ ಜಾತಿ ಕೇಳ್ತಾರೆ. ಕೊನೆಗೆ ಒಂದು ಪಾರ್ಸಿ ತಂಗುಮನೆ. ಅಲ್ಲಿ ಪಾರ್ಸಿಗಳಿಗೆ ಮಾತ್ರ ಜಾಗ. ನೋಡಿಕೊಳ್ಳೋನ ಜೊತೆ ಒಂದು ಒಪ್ಪಂದ ಆಗುತ್ತೆ: ರಿಜಿಸ್ಟರಲ್ಲಿ ಪಾರ್ಸಿ ಹೆಸರು ಬರೆಸೋದು, ದಿನಕ್ಕೆ ಒಂದೂವರೆ ರೂಪಾಯಿ ಕೊಡೋದು. ಹಳೇ ಸಾಮಾನು ತುಂಬಿದ್ದ ಹಾಲು, ಒಂದು ಲಾಂದ್ರ, ಪುಸ್ತಕಗಳು. ಹನ್ನೊಂದನೇ ದಿನ ಬೆಳಗ್ಗೆ ಕಚೇರಿಗೆ ಹೊರಟಾಗ ಕೋಲು ಹಿಡಿದ ಹತ್ತು ಹನ್ನೆರಡು ಜನ ಪಾರ್ಸಿಗಳು ಮೆಟ್ಟಿಲು ಹತ್ತಿ ಬರ್ತಾರೆ. ಸಂಜೆಯೊಳಗೆ ಖಾಲಿ ಮಾಡು ಅಂತಾರೆ.

ಆ ಪಾರ್ಸಿಗಳನ್ನ ಬಯ್ದು ಇಲ್ಲಿಗೇ ನಿಲ್ಲಿಸೋದು ಸುಲಭ. ಆದ್ರೆ ಅವತ್ತು ಅವರು ಇನ್ನೂ ಎರಡು ಬಾಗಿಲು ತಟ್ಟಿದ್ರು. ಹಿಂದೂ ಗೆಳೆಯ, ನೀನು ಬಂದ್ರೆ ನನ್ನ ಮನೆಯ ಆಳುಗಳು ಹೊರಟು ಹೋಗ್ತಾರೆ ಅಂದ. ಕ್ರಿಶ್ಚಿಯನ್ ಗೆಳೆಯ, ನಾಳೆ ಹೆಂಡತಿ ಬರ್ತಾಳೆ, ಅವಳನ್ನ ಕೇಳಬೇಕು ಅಂದ. ಸರ್ಕಾರಿ ಬಂಗಲೆ ಕೇಳಿದ್ರೆ ದಿವಾನರು ನಾಳೆ ಬಾ ಅಂದಿದ್ರು. ಮುಂಬೈ ರೈಲು ಇದ್ದದ್ದು ರಾತ್ರಿ ಒಂಬತ್ತಕ್ಕೆ. ಅಲ್ಲಿವರೆಗೆ ಸುಮಾರು ಐದು ಗಂಟೆ ಕಾಮಾಟಿ ಬಾಗ್ ಅನ್ನೋ ಪಾರ್ಕಲ್ಲಿ ಕೂತಿದ್ರು.

‘ಓನರ್ ಮಗ ಬರ್ತಾನಂತೆ.’ ‘ಹೆಂಡತಿ ಬರ್ತಾಳೆ.’ ನೂರು ವರ್ಷ ಆದ್ರೂ ನೆಪ ಕೂಡ ಬದಲಾಗಿಲ್ಲ ನೋಡಿ.

ಅವತ್ತು ನನ್ನನ್ನ ತಡೆದು ನಿಲ್ಲಿಸಿದ್ದು ಇನ್ನೊಂದು ವಿಷಯ. ಬಾಬಾಸಾಹೇಬರೂ ಹೆಸರು ಬದಲಿಸಿದ್ರು. ತಲೆ ಮೇಲೊಂದು ಸೂರು ಬೇಕಿತ್ತು, ಬರೆಸಿದ್ರು. ಆಮೇಲೆ ತಾವೇ ಅದನ್ನ ಮುಚ್ಚುಮರೆ ಇಲ್ಲದೆ ಬರೆದಿಟ್ರು. ಹಾಗಾಗಿ ಈ ಊರಲ್ಲಿ ಜಾತಿ ಮುಚ್ಚಿಟ್ಟು ಬದುಕ್ತಿರೋ ನಮ್ಮ ಹುಡುಗ ಹುಡುಗಿಯರನ್ನ ಹೇಡಿಗಳು ಅಂತ ಕರೆಯೋ ಮಾತನ್ನ ನಾನು ವಾಪಸ್ ತಗೋತೀನಿ. ವೇದಿಕೆ ಮೇಲೆ ಎರಡು ಮೂರು ಸಲ ಆಡಿದ್ದೇನೆ. ಕ್ಷಮಿಸಿ.

ಊರು ಬಿಟ್ಟು ಪಟ್ಟಣಕ್ಕೆ ಬಂದ್ರೆ ಕೇರಿ ಹಿಂದೆ ಉಳಿಯುತ್ತೆ ಅಂತ ನಾವೆಲ್ಲ ನಂಬಿದ್ವಿ. ಆದ್ರೆ ಈ ಪಟ್ಟಣ ಹೇಗೆ ಬೆಳೀತು ಅಂತ ಸ್ವಲ್ಪ ನೋಡಿ. 1890ರ ದಶಕದಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳನ್ನ ಮಾಡಿದಾಗ ಜಾಗ ಹಂಚಿದ್ದೇ ಜಾತಿ, ಮತದ ಲೆಕ್ಕದಲ್ಲಿ. 1898ರಲ್ಲಿ ಪ್ಲೇಗ್ ಬಂತು, ಪೇಟೆಯ ಇಕ್ಕಟ್ಟು ಬಿಟ್ಟು ಅನುಕೂಲಸ್ಥರು ಹೊಸ ಬಡಾವಣೆಗಳಿಗೆ ಹೋದ್ರು. ಅಗಲ ರಸ್ತೆ, ಗಾಳಿ, ಬೆಳಕು, ಮರ. ಊರು-ಕೇರಿಯ ಗೆರೆ ಹಳ್ಳಿಯಿಂದ ತಾನಾಗಿ ನಡೆದುಕೊಂಡು ಬರಲಿಲ್ಲ, ನಕ್ಷೆಯಲ್ಲೇ ಎಳೆದಿದ್ರು.

ಅದೇ ಪ್ಲೇಗ್ ಮುಂಬೈಯಲ್ಲಿ 1896ರಲ್ಲೇ ಬಂದಿತ್ತು. ಅಲ್ಲಿ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಆಯ್ತು, ಅದು ಕೆಲಸಗಾರರಿಗೆ ಚಾಳ್‌ಗಳನ್ನ ಕಟ್ಟಿತು. ಪರೇಲಿನ ಅಂಥ ಒಂದು ಚಾಳ್‌ನಲ್ಲೇ ಬಾಬಾಸಾಹೇಬರು ಎರಡು ಕೋಣೆಗಳಲ್ಲಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಇದ್ದರು. 1927ರಲ್ಲಿ ಮಹಾಡ್ ಕೆರೆಗೆ ಹೋದಾಗ, 1930ರಲ್ಲಿ ದುಂಡು ಮೇಜಿನ ಪರಿಷತ್ತಿಗೆ ಹೋದಾಗ, ಅವರು ಹೊರಟಿದ್ದು ಆ ಚಾಳ್ ಮನೆಯಿಂದ. ಆಮೇಲೆ ದಾದರಿನ ಹಿಂದೂ ಕಾಲೋನಿಯಲ್ಲಿ ರಾಜಗೃಹ ಕಟ್ಟಿಸಿದ್ರು. ಜಾಗದ ಹೆಸರು ನೋಡಿ: ಹಿಂದೂ ಕಾಲೋನಿ! ಅಲ್ಲಿ ತಮ್ಮ ಪುಸ್ತಕಗಳಿಗೆ ಮೊದಲು ಜಾಗ ಮಾಡಿದ್ರು. ಯಾರ ಒಪ್ಪಿಗೆಗೂ ಕಾಯದೆ ಸ್ವಂತದ್ದೇ ಕಟ್ಟಿದ್ರು.

‘ಅವರು ಕಟ್ಟಿಸಿದ್ರು, ನಮ್ಮ ಹತ್ರ ಅಡ್ವಾನ್ಸಿಗೇ ದುಡ್ಡಿಲ್ಲ. ನಮ್ಮೋರ ಏರಿಯಾದಲ್ಲೇ ನೋಡೋಣ, ಈ ತಲೆನೋವೇ ಬೇಡ’ ಅಂದ್ಲು ನನ್ನ ಹೆಂಡತಿ. ನಾನು ವಾದಕ್ಕೆ ನಿಂತೆ: ಅದು ಮತ್ತೆ ಕೇರಿಗೆ ಹೋದಂಗಲ್ವಾ? ಅವಳು ಕೇಳಿದ್ಲು: ‘ರಾತ್ರಿ ಪಾಳಿ ಮುಗಿಸಿ ಬಂದು, ಪಕ್ಕದ ಮನೆಯವರಿಗೆ ವಾಸನೆ ಗೊತ್ತಾಗುತ್ತಾ ಅಂತ ಕಿಟಕಿ ಮುಚ್ಚಿ ಸಾರು ಮಾಡೋಳು ನಾನು. ನೀವಲ್ಲ.’ ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ನಿಜ ಹೇಳ್ಬೇಕಂದ್ರೆ ಬಾಬಾಸಾಹೇಬರ ಹತ್ರಾನೂ ಇದಕ್ಕೆ ಒಂದೇ ಉತ್ತರ ಇರಲಿಲ್ಲ. 1942ರಲ್ಲಿ ನಾಗಪುರದ ಸಮ್ಮೇಳನದಲ್ಲಿ ನಮ್ಮ ಜನಕ್ಕೆ ಪ್ರತ್ಯೇಕ ವಸತಿ ಬೇಕು ಅಂತ ನಿರ್ಣಯ ಆಯ್ತು. 1947ರ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ನಲ್ಲಿ ಅದನ್ನೇ ಸಂವಿಧಾನದ ಬೇಡಿಕೆಯಾಗಿ ಇಟ್ರು. ಅದು ಊರಿನ ಬಾಲಕ್ಕೆ ಅಂಟಿಕೊಂಡ ಕೇರಿ ಅಲ್ಲ. ಸ್ವಂತ ಭೂಮಿ ಇರೋ, ಯಾರ ಹೊಲದ ಕೂಲಿಗೂ ಕೈ ಚಾಚದ ಹಳ್ಳಿ. ಕೇರಿಗೂ ಅದಕ್ಕೂ ಇರೋ ವ್ಯತ್ಯಾಸ ಭೂಮಿ. ನಮಗೆ ಸಿಕ್ಕಿದ್ದು ಯಾವುದು?

ಅಪ್ಪನನ್ನ ಕೇಳಿದೆ. ಅರಸು ಕಾಲದಲ್ಲಿ ನಮ್ಮ ತಾತನ ಹೆಸರಿಗೆ ಜನತಾ ಮನೆ ಬಂದಿತ್ತು. ಹಕ್ಕುಪತ್ರ ಇವತ್ತಿಗೂ ಅಪ್ಪನ ಟ್ರಂಕಲ್ಲಿ ಪ್ಲಾಸ್ಟಿಕ್ ಕವರೊಳಗಿದೆ. ‘ಗುಡಿಸ್ಲು ಹೋಗಿ ಹೆಂಚಿನ ಮನೆ ಆಯ್ತು ಕಣ್ ಮಗ. ಮಳೆಗೆ ಸೋರ್ದಿರೋ ಮನೇಲಿ ನಾನು ಮೊದ್ಲು ಮಲ್ಗಿದ್ದೇ ಅವತ್ತು. ಆದ್ರೆ ಜಾಗ ಮಾತ್ರ ಅಲ್ಲೇ, ಕೇರಿ ಹಿಂದ್ಕೆ’ ಅಂದ್ರು. ಒಂದು ತಲೆಮಾರಿಗೆ ಸೂರು ಸಿಕ್ತು, ಅದನ್ನ ಸಣ್ಣದು ಅಂತ ನಾನು ಹೇಳಲ್ಲ. ದಿಕ್ಕು ಮಾತ್ರ ಬದಲಾಗಲಿಲ್ಲ.

ಕಾನೂನು ಏನು ಹೇಳುತ್ತೆ ಅಂತ ಎಲ್ರಿಗೂ ಗೊತ್ತಿರಲಿ. ಸಂವಿಧಾನದ 15(2)ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಇವೆ. ಬಾಡಿಗೆ ಮನೆ ಅನ್ನೋ ಪದ ಇಲ್ಲ. ಆದ್ರೆ 1955ರ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ, ಅಂದ್ರೆ 1976ರಿಂದ ನಾವು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಕರೆಯೋದು, ಅದರ 4ನೇ ಸೆಕ್ಷನ್ನಿನಲ್ಲಿ ಸ್ಪಷ್ಟವಾಗಿದೆ: ಯಾವುದೇ ಬಡಾವಣೆ, ಪಟ್ಟಣ, ಹಳ್ಳಿಯಲ್ಲಿ ವಾಸದ ಮನೆ ಕಟ್ಟೋಕೆ, ಪಡೆಯೋಕೆ, ಅದರಲ್ಲಿ ಇರೋಕೆ ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿ ಮಾಡೋದು ಅಪರಾಧ. 12ನೇ ಸೆಕ್ಷನ್ ಪ್ರಕಾರ, ಇಂಥ ಅಪರಾಧ ಪರಿಶಿಷ್ಟ ಜಾತಿಯವರ ಮೇಲೆ ನಡೆದಿದ್ರೆ ಅದು ಅಸ್ಪೃಶ್ಯತೆಯಿಂದಲೇ ಅಂತ ಕೋರ್ಟು ಭಾವಿಸಬೇಕು. ಅಲ್ಲ ಅಂತ ತೋರಿಸೋ ಹೊಣೆ ಎದುರಿನವರದ್ದು. ಕಾಗದದ ಮೇಲೆ ಗಟ್ಟಿ ಇದೆ. ಆದ್ರೆ ‘ಮಗ ಬರ್ತಾನೆ’ ಅನ್ನೋದರ ಮೇಲೆ ಯಾವ ಸ್ಟೇಷನ್ನಲ್ಲಿ ದೂರು ಬರೆಸ್ತೀರಿ? ಇನ್ನೊಂದು ಕಡೆ, 2005ರಲ್ಲಿ ಅಹಮದಾಬಾದಿನ ಪಾರ್ಸಿ ಹೌಸಿಂಗ್ ಸೊಸೈಟಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸೊಸೈಟಿಯೊಂದು ತನ್ನ ಸಮುದಾಯಕ್ಕೆ ಮಾತ್ರ ಸದಸ್ಯತ್ವ ಇಟ್ಟುಕೊಳ್ಳಬಹುದು ಅಂತ ಹೇಳಿತು. ಬರೋಡದ ತಂಗುಮನೆಯ ನಿಯಮ ಬೈಲಾ ಆಗಿ ವಾಪಸ್ ಬಂದ ಹಾಗೆ ನನಗೆ ಕಾಣುತ್ತೆ.

ಈಗ ಬರೆಯೋಕೆ ಕಷ್ಟ ಆಗ್ತಿರೋ ಭಾಗ. ‘ಇದನ್ನ ಬರೀಬೇಡಿ, ನಮ್ಮ ಮರ್ಯಾದೆ ಹೋಗುತ್ತೆ’ ಅಂತ ಒಬ್ಬ ಗೆಳೆಯರು ಹೇಳಿದ್ರು. ಬರೀತೀನಿ.

ಹೆಂಡತಿ ಮಾತಿನಂತೆ ನಮ್ಮವರ ಒಂದು ಮನೆ ನೋಡೋಕೆ ಹೋದ್ವಿ. ಓನರ್ ನಿವೃತ್ತ ನೌಕರರು. ಹಾಲಿನಲ್ಲಿ ಬಾಬಾಸಾಹೇಬರ ದೊಡ್ಡ ಫೋಟೋ, ಜಯಂತಿಗೆ ಹಾಕಿದ ಹಾರ ಇನ್ನೂ ಬಾಡಿರಲಿಲ್ಲ. ‘ನಮ್ಮವ್ರೇ ಅಂತ ಕೇಳಿ ಸಂತೋಷ’ ಅಂದ್ರು. ಎರಡನೇ ಮಾತು: ‘ಎಡನೋ, ಬಲನೋ?’ ಮೂರನೇ ಮಾತು: ‘ನಿನ್ನೆ ಸಾಬ್ರು ಬಂದಿದ್ರು, ಹೆಚ್ಚು ಬಾಡಿಗೆ ಕೊಡ್ತೀವಿ ಅಂದ್ರು. ಕೊಡ್ಲಿಲ್ಲ.’ ಹೊಗಳ್ತೀವಿ ಅಂತ ಕಾಯ್ತಾ ಇದ್ರು. ಮೊದಲು ಎದ್ದಿದ್ದು ನನ್ನ ಹೆಂಡತಿ.

ಸುಖದೇವ್ ಥೋರಟ್ ಮತ್ತು ಅವರ ಜೊತೆಯವರು ದೆಹಲಿ ಸುತ್ತಮುತ್ತ ಒಂದು ಅಧ್ಯಯನ ಮಾಡಿದ್ರು. ಬೇರೆ ಬೇರೆ ಹೆಸರಲ್ಲಿ ಓನರುಗಳಿಗೆ ಫೋನ್ ಮಾಡಿ ಬಾಡಿಗೆ ಮನೆ ಕೇಳೋದು. ದಲಿತ ಹೆಸರಿಗೆ ಬಾಗಿಲು ಮುಚ್ಚಿದ್ದು ಎಷ್ಟೋ ಕಡೆ, ಮುಸ್ಲಿಂ ಹೆಸರಿಗೆ ಅದಕ್ಕಿಂತ ಹೆಚ್ಚು ಕಡೆ. ಆ ಮುಚ್ಚಿದ ಬಾಗಿಲುಗಳ ಹಿಂದೆ ನಮ್ಮವರೂ ಕೆಲವರು ಇರಬಹುದು ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಮೀಸಲಾತಿಯಿಂದ, ಹೋರಾಟದಿಂದ ನಮ್ಮ ಒಂದಷ್ಟು ಜನ ಈಗ ಮನೆ ಓನರುಗಳಾಗಿದ್ದೀವಿ. ಆ ಗೇಟಿನ ಬೀಗದ ಕೈ ನಮ್ಮ ಕೈಗೆ ಬಂದ ದಿನ ನಾವು ಏನು ಕೇಳ್ತೀವಿ ಅನ್ನೋದೇ ನಮ್ಮ ಪರೀಕ್ಷೆ. ಇದನ್ನ ಓದ್ತಿರೋರಲ್ಲಿ ಬಾಡಿಗೆಗೆ ಮನೆ ಕೊಡೋರು ಇದ್ರೆ ಒಂದೇ ಕೋರಿಕೆ: ಆಧಾರ್ ಕೇಳಿ, ಸಂಬಳ ಕೇಳಿ, ಎಷ್ಟು ಜನ ಇರ್ತೀರಿ ಅಂತ ಕೇಳಿ. ‘ಯಾವ ಕಡೆ’ ಅಂತ ಕೇಳಬೇಡಿ.

ಒಟ್ಟು ಹದಿನಾಲ್ಕು ಮನೆ ನೋಡಿದ್ವಿ. ಹದಿನಾಲ್ಕನೆಯದು ಹಳೇ ಮನೆ, ಅಡುಗೆಮನೆ ಕತ್ತಲು. ಆದ್ರೆ ನೆಲಮಹಡಿ. ಓನರಮ್ಮ ಏನೂ ಕೇಳಲಿಲ್ಲ. ನಾವೂ ಹೇಳಲಿಲ್ಲ. ರಾತ್ರಿ ಮಗಳು ಕೇಳಿದ್ಲು, ‘ಅಪ್ಪಾ, ಅಲ್ಲಿ ಬಾಬಾಸಾಹೇಬ್ ಫೋಟೋ ಹಾಲಲ್ಲಿ ಹಾಕೋದಾ, ರೂಮಲ್ಲಾ?’ ಈಗಿನ ಮನೆಯಲ್ಲಿ ಅದು ರೂಮಲ್ಲಿದೆ. ಯಾಕೆ ಅಂತ ಅವಳಿಗೆ ನಾವು ಯಾವತ್ತೂ ಹೇಳಿಲ್ಲ, ಅವಳು ತಾನೇ ತಿಳ್ಕೊಂಡಿದ್ದಾಳೆ. ಅವಳಿಗೆ ಹನ್ನೆರಡು ವರ್ಷ.

ಬೆಳಗ್ಗೆ ಎದ್ದು, ಟೋಕನ್ ಅಡ್ವಾನ್ಸ್ ಕೊಡೋಕೆ ಮುಂಚೆ, ನಾನೇ ಓನರಮ್ಮನಿಗೆ ಫೋನ್ ಮಾಡಿದೆ. ‘ಅಮ್ಮಾ, ಒಂದು ಮಾತು. ನಾವು ಎಸ್‌ಸಿ. ಮನೆಯಲ್ಲಿ ಮಾಂಸ ಮಾಡ್ತೀವಿ. ಆಮೇಲೆ ಗೊತ್ತಾಗಿ ಬೇಜಾರಾಗೋದು ಬೇಡ ಅಂತ ಹೇಳಿದೆ.’ ಆ ಕಡೆ ಒಂದು ನಿಮಿಷ ಮಾತಿಲ್ಲ. ಫೋನ್ ಕಟ್ಟಾಯ್ತು ಅಂದ್ಕೊಂಡೆ. ಆಮೇಲೆ, ‘ಸರಿಯಪ್ಪ. ನೀರಿನ ಬಿಲ್ ಬೇರೆ ಕೊಡಬೇಕು, ಬ್ರೋಕರ್ ಹೇಳಿದಾನೆ ತಾನೇ?’ ಅಂದ್ರು.

ಅವರೇನು ಕ್ರಾಂತಿ ಮಾಡಿಲ್ಲ. ಮನೆ ಬಾಡಿಗೆಗೆ ಕೊಟ್ರು, ಅಷ್ಟೇ. ಹದಿನಾಲ್ಕರಲ್ಲಿ ಒಬ್ಬರು. ಹೀಗೆ ಫೋನ್ ಮಾಡಿ ಹೇಳಲೇಬೇಕು ಅಂತ ಯಾರಿಗೂ ಹೇಳ್ತಿಲ್ಲ ನಾನು. ಒಂಟಿಯಾಗಿ ಮನೆ ಹುಡುಕೋ ಹೆಣ್ಣುಮಗಳು, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ, ಅವರವರ ಕಷ್ಟ ಅವರಿಗೆ ಗೊತ್ತು. ನಾನು ಹೇಳಿದ್ದು ನನ್ನ ಮಗಳ ಪ್ರಶ್ನೆಗೆ.

ಭಾನುವಾರ ಶಿಫ್ಟಿಂಗ್. ಲಗೇಜ್ ಆಟೋ ಹೇಳಿಯಾಗಿದೆ. ಫೋಟೋಗೆ ಹಾಲಿನಲ್ಲಿ ಮೊಳೆ ಹೊಡೆಯೋ ಜಾಗ ಮಗಳು ಆಗ್ಲೇ ನೋಡಿಟ್ಟಿದ್ದಾಳೆ. ಅಪ್ಪ ಕೇಳಿದ್ದು ಒಂದೇ: ‘ಬಾಗ್ಲಲ್ಲಿ ಕುರ್ಚಿ ಹಾಕ್ಕೊಂಡು ಕೂರ್ಬೋದಾ ಮಗ?’

ಕೂರ್ಬೋದಪ್ಪ.

ಜೈ ಭೀಮ್.